ಮನಸ್ಸಿಗೊಂದು ಆ್ಯಪ್: ಒಳಗೆ ಏನಿರಬೇಕು, ಯಾರ ಕೈಗೆ ಎಟುಕಬೇಕು?

ರಾತ್ರಿ ಹನ್ನೆರಡಾದರೂ ನಿದ್ದೆ ಹತ್ತದವರು ಈಗ ಫೋನ್ ತೆಗೆದು ಚಾಟ್‌ಜಿಪಿಟಿ ಜೊತೆ ಮಾತಿಗಿಳಿಯುತ್ತಾರೆ. ಗೆಳೆಯರನ್ನು ಎಬ್ಬಿಸುವ ಸಂಕೋಚ ಇಲ್ಲ. ಮನೆಯವರಿಗೆ ಗೊತ್ತಾದರೆ ಎಂಬ ಅಳುಕಿಲ್ಲ. ಫೀಸೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ಒಂದು ಲೆಕ್ಕ ಕೊಟ್ಟಿತು. ಒಂದು ವಾರದಲ್ಲಿ ಚಾಟ್‌ಜಿಪಿಟಿ ಬಳಸುವವರ ಪೈಕಿ ಸುಮಾರು ಶೇ. 0.15 ಜನರ ಮಾತಿನಲ್ಲಿ ಆತ್ಮಹತ್ಯೆಯ ಉದ್ದೇಶದ ಅಥವಾ ಯೋಜನೆಯ ಸ್ಪಷ್ಟ ಸುಳಿವು ಕಾಣುತ್ತದಂತೆ. ಶೇಕಡಾವಾರು ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಆಗ ವಾರದ ಬಳಕೆದಾರರ ಸಂಖ್ಯೆ ಸುಮಾರು 80 ಕೋಟಿ. ಗುಣಿಸಿದರೆ 10 ಲಕ್ಷ ದಾಟುತ್ತದೆ.

ಚಾಟ್‌ಜಿಪಿಟಿಯನ್ನು ಈ ಕೆಲಸಕ್ಕೆಂದು ಮಾಡಿದ್ದಲ್ಲ. ಇದಕ್ಕೆಂದೇ ಮಾಡಿದ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ರಾಶಿ ಬಿದ್ದಿವೆ. ನಮ್ಮ ಸರ್ಕಾರದ್ದೂ ಒಂದಿದೆ, ಅದು ಕನ್ನಡದಲ್ಲೂ ಸಿಗುತ್ತದೆ. ಹಾಗಾದರೆ ಮನಸ್ಸಿನ ತೊಂದರೆಗೆ ಆ್ಯಪ್ ನಿಜವಾಗಿ ಏನು ಮಾಡಬಲ್ಲದು? ಅದನ್ನು ಸರಿಯಾಗಿ ಕಟ್ಟುವುದು ಅಂದರೇನು? ಮೊದಲಿಂದ ನೋಡೋಣ.

ಡಾಕ್ಟರ್ ಇದ್ದಾರಲ್ಲ, ಆ್ಯಪ್ ಯಾಕೆ?

ಡಾಕ್ಟರ್ ಇದ್ದಾರೆ, ಆದರೆ ಸಾಲುವಷ್ಟಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅಂದರೆ ಹತ್ತರಲ್ಲಿ ಒಬ್ಬರು. ಅದಕ್ಕಿಂತ ಚಿಂತೆ ಹುಟ್ಟಿಸುವ ಅಂಕಿ ಇನ್ನೊಂದಿದೆ. ಚಿಕಿತ್ಸೆ ಬೇಕಿದ್ದೂ ಸಿಗದವರು ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗೆ ಇದ್ದರು. ಈ ಕಂದಕಕ್ಕೆ ಚಿಕಿತ್ಸೆಯ ಅಂತರ ಎನ್ನುತ್ತಾರೆ. ದೇಶದಲ್ಲಿ ಲಕ್ಷ ಜನಕ್ಕೆ ಮನೋವೈದ್ಯರು ಒಬ್ಬರೂ ಇಲ್ಲ. ಲೆಕ್ಕದಲ್ಲಿ ಬರುವುದು 0.75.

ಈ ಕೊರತೆ ಹೊಸದೇನಲ್ಲ, ಅದಕ್ಕೆ ದಾರಿ ಹುಡುಕುವ ಪ್ರಯತ್ನವೂ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಮನೋವೈದ್ಯರು ಬರುವ ತನಕ ಕಾಯುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಮುಂದೆ 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿ ಮಾದರಿಯೇ ಅಡಿಪಾಯ. ತಜ್ಞರ ಕೆಲಸದಲ್ಲಿ ಒಂದಿಷ್ಟನ್ನು ತಜ್ಞರಲ್ಲದವರೂ ಕಲಿತು ಮಾಡಬಹುದು ಎಂಬುದು ಅಲ್ಲಿ ಗೊತ್ತಾಯಿತು. ಇವತ್ತಿನ ಆ್ಯಪ್‌ಗಳ ಹಿಂದೆ ಇರುವುದೂ ಅದೇ ಲೆಕ್ಕಾಚಾರ.

2022ರ ಕೇಂದ್ರ ಬಜೆಟ್‌ನಲ್ಲಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾಯಿತು. ಮುಖ್ಯ ಕೇಂದ್ರ ನಿಮ್ಹಾನ್ಸ್. ತಂತ್ರಜ್ಞಾನದ ಹೊಣೆ ಬೆಂಗಳೂರಿನದ್ದೇ ಆದ ಐಐಐಟಿಯದ್ದು. 14416ಕ್ಕೆ ಕರೆ ಮಾಡಿದರೆ ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಜಾಸ್ತಿ ನೆರವು ಬೇಕು ಅನ್ನಿಸಿದರೆ ಅವರು ತಜ್ಞರಿಗೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ದಾಟಿಸುತ್ತಾರೆ. ಸೇವೆ 20 ಭಾಷೆಗಳಲ್ಲಿದೆ. ಇದರ ಆ್ಯಪ್ ಬಂದದ್ದು ಎರಡು ವರ್ಷದ ನಂತರ, 2024ರ ಅಕ್ಟೋಬರ್ 10ಕ್ಕೆ. ಈ ಕ್ರಮವನ್ನು ಗಮನಿಸಿ. ಮೊದಲು ಫೋನ್ ಎತ್ತುವ ಮನುಷ್ಯರು, ಆಮೇಲೆ ಆ್ಯಪ್. ಬಹಳಷ್ಟು ಖಾಸಗಿ ಆ್ಯಪ್‌ಗಳು ಇದನ್ನು ತಲೆಕೆಳಗು ಮಾಡುತ್ತವೆ.

ಎಲ್ಲ ಆ್ಯಪ್ ಒಂದೇ ಅಲ್ಲ

ಮಾನಸಿಕ ಆರೋಗ್ಯದ ಆ್ಯಪ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಾಮಾನು ಸಿಗುತ್ತದೆ. ಕೆಲವು ಸುಮ್ನೆ ಉಸಿರಾಟದ ಅಭ್ಯಾಸ, ಧ್ಯಾನ, ನಿದ್ದೆ ಬರಿಸುವ ಸದ್ದು ಕೊಡುತ್ತವೆ. ಕೆಲವು ದಿನದ ಮೂಡ್ ಬರೆದಿಡುವ ಡೈರಿ. ಕೆಲವು ಪಾಠದ ಹಾಗೆ ವಾರವಾರ ಒಂದೊಂದು ಹಂತ ಕಲಿಸುತ್ತವೆ. ಕೆಲವುಗಳಲ್ಲಿ ಚಾಟ್‌ಬಾಟ್, ಅಂದರೆ ಮಾತಿಗೆ ಮಾತು ಕೊಡುವ ಸಾಫ್ಟ್‌ವೇರ್ ಇರುತ್ತದೆ. ಇನ್ನು ಕೆಲವು ಬರೀ ಸೇತುವೆ: ಆ ಕಡೆ ನಿಜವಾದ ಥೆರಪಿಸ್ಟ್, ಈ ಕಡೆ ನೀವು, ನಡುವೆ ವಿಡಿಯೊ ಕಾಲ್.

ಹಾಗಾಗಿ ಆ್ಯಪ್ ಕೆಲಸ ಮಾಡುತ್ತಾ ಎಂದು ಕೇಳುವ ಮೊದಲು, ಯಾವ ತರಹದ ಆ್ಯಪ್, ಯಾರಿಗೆ, ಯಾವ ತೊಂದರೆಗೆ ಎಂದು ಕೇಳಬೇಕಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಕಳವಳಕ್ಕೆ ಸಾಕಾಗುವುದು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲು ಆಗದ ಖಿನ್ನತೆಗೆ ಸಾಲದು. ಇಲ್ಲದ್ದು ಕೇಳಿಸುವ, ಇಲ್ಲದ್ದು ಕಾಣಿಸುವ ಕಾಯಿಲೆಗಳಿಗಂತೂ ಇಂಥ ಸ್ವಸಹಾಯದ ಆ್ಯಪನ್ನು ನೆಚ್ಚಿ ಕೂರುವಂತೆಯೇ ಇಲ್ಲ.

ತೆರೆಯ ಹಿಂದೆ ನಡೆಯುವುದೇನು?

ಹೆಚ್ಚಿನ ಒಳ್ಳೆಯ ಆ್ಯಪ್‌ಗಳು ನಿಂತಿರುವುದು ಒಂದು ಹಳೆಯ ಚಿಕಿತ್ಸೆಯ ಮೇಲೆ. ಅದರ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದನ್ನು ರೂಪಿಸಿದರು. ತಿರುಳು ಇಷ್ಟೇ: ನಮ್ಮ ಯೋಚನೆ, ಭಾವನೆ, ನಡೆ, ಈ ಮೂರೂ ಒಂದನ್ನೊಂದು ಎಳೆಯುತ್ತಿರುತ್ತವೆ. ಭಾವನೆಯನ್ನು ನೇರವಾಗಿ ಬದಲಿಸುವುದು ಕಷ್ಟ. ಯೋಚನೆಯನ್ನೋ ನಡೆಯನ್ನೋ ಸ್ವಲ್ಪ ಅಲುಗಿಸಿದರೆ ಭಾವನೆಯೂ ಜರುಗುತ್ತದೆ.

ಹಾವೇರಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದು ಪಿಜಿಯಲ್ಲಿರುವ ಹುಡುಗಿಯೊಬ್ಬಳಿದ್ದಾಳೆ ಅಂದುಕೊಳ್ಳಿ. ಸಂಜೆ ಏಳಕ್ಕೆ ಮ್ಯಾನೇಜರ್‌ನಿಂದ ಮೆಸೇಜು: ನಾಳೆ ಬೆಳಿಗ್ಗೆ ಸ್ವಲ್ಪ ಮಾತಾಡಬೇಕು. ಅಷ್ಟೇ. ಅವಳ ತಲೆಗೆ ಮೊದಲು ಬಂದದ್ದು, ಕೆಲಸ ಹೋಯ್ತು. ಎದೆ ಡವಡವ. ಊಟ ಸೇರಲಿಲ್ಲ. ರೂಮ್‌ಮೇಟ್ ಕರೆದರೂ ಬಾಗಿಲು ತೆಗೆಯಲಿಲ್ಲ. ಆಗ ಆ್ಯಪ್ ತೆರೆದರೆ ಅದು ಕೇಳುತ್ತದೆ: ಏನಾಯಿತು? ಆ ಕ್ಷಣ ಏನು ಅನ್ನಿಸಿತು? ಹಾಗನ್ನಿಸಲು ಸಾಕ್ಷಿ ಏನಿದೆ? ಅದಕ್ಕೆ ವಿರುದ್ಧವಾದ ಸಾಕ್ಷಿ? ಆ ಮೆಸೇಜಿಗೆ ಬೇರೆ ಯಾವ ಅರ್ಥ ಇರಬಹುದು? ಬರೆಯುತ್ತಾ ಹೋದ ಹಾಗೆ, ಹೋದ ತಿಂಗಳೂ ಇದೇ ರೀತಿ ಕರೆದು ರಜೆಯ ಪಟ್ಟಿ ಕೇಳಿದ್ದು ನೆನಪಾಗುತ್ತದೆ. ಹೆದರಿಕೆ ಮಾಯವಾಗುವುದಿಲ್ಲ. ಊಟ ಮಾಡುವಷ್ಟು ಇಳಿಯುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ಉಪಾಯ ಬಿಹೇವಿಯರಲ್ ಆ್ಯಕ್ಟಿವೇಶನ್. ಹೆಸರು ಭಾರ, ವಿಷಯ ಹಗುರ. ಬೇಜಾರಾದವರು ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತಾರೆ. ಬಿಟ್ಟಷ್ಟೂ ಬೇಜಾರು ಬೆಳೆಯುತ್ತದೆ. ಮನಸ್ಸಾದ ಮೇಲೆ ಮಾಡುತ್ತೇನೆ ಎಂದು ಕಾಯದೆ, ಚಿಕ್ಕದೊಂದನ್ನು ಗೊತ್ತುಮಾಡಿಕೊಂಡು ಮಾಡುವುದು. ತಂಗಿಗೆ ಫೋನ್ ಮಾಡುವುದು, ಬೀದಿ ತುದಿಯವರೆಗೆ ನಡೆದು ಬರುವುದು, ಸ್ನಾನ. ಕೊನೆಯದನ್ನು ಓದಿ ನಗು ಬಂದರೆ, ಖಿನ್ನತೆ ಹತ್ತಿರದಿಂದ ನೋಡಿದವರನ್ನು ಕೇಳಿ.

ಎರಡೂ ಹಂತ ಹಂತವಾಗಿ ಸಾಗುವ ಅಭ್ಯಾಸಗಳು. ಹಂತಗಳಿರುವುದನ್ನು ಸಾಫ್ಟ್‌ವೇರ್ ಆಗಿ ಬರೆಯಬಹುದು. ಆ್ಯಪ್‌ಗಳಲ್ಲಿ ಸಿಬಿಟಿಯೇ ಎಲ್ಲೆಲ್ಲೂ ಕಾಣುವುದಕ್ಕೆ ಕಾರಣ ಇದು.

ಇನ್ನೊಂದು ಸಲಕರಣೆ ಪ್ರಶ್ನಾವಳಿ. ಜಾಸ್ತಿ ಬಳಕೆಯಲ್ಲಿರುವುದು 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗಿದೆ, ಸುಸ್ತು ಇದೆಯೇ, ಹೀಗೆ. ಒಂದೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಜ್ಞರನ್ನು ಕಾಣುವುದು ಒಳ್ಳೆಯದು ಎನ್ನುತ್ತಾರೆ. ಇದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಎಷ್ಟಿದೆ ಎಂದು ಹೇಳುತ್ತದೆ. ಮಲೇರಿಯಾವೋ ಟೈಫಾಯ್ಡೋ ಹೇಳುವುದಿಲ್ಲ. ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ ಬರುತ್ತದೆ. ಪ್ರಶ್ನಾವಳಿಯ ಅಂಕ ನೋಡಿ ನಿಮಗೆ ಖಿನ್ನತೆ ಇದೆ ಎಂದು ತೀರ್ಪು ಕೊಡುವ ಆ್ಯಪ್ ಇದ್ದರೆ ಅದನ್ನು ನಂಬಬೇಡಿ.

ಕೆಲಸ ಮಾಡುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆ್ಯಪ್ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿದ 176 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ 2024ರಲ್ಲಿ ಬಂತು. ಖಿನ್ನತೆಯ ಲಕ್ಷಣಗಳಿಗೂ ಆತಂಕಕ್ಕೂ ಪ್ರಯೋಜನ ಕಂಡುಬಂದಿತ್ತು. ಪ್ರಯೋಜನ ಚಿಕ್ಕದು, ಆದರೆ ಇದೆ.

ತೊಡಕಿರುವುದು ಬೇರೆ ಕಡೆ. 2019ರಲ್ಲಿ ಸಂಶೋಧಕರು ಮಾನಸಿಕ ಆರೋಗ್ಯದ 93 ಜನಪ್ರಿಯ ಆಂಡ್ರಾಯ್ಡ್ ಆ್ಯಪ್‌ಗಳ ನಿಜವಾದ ಬಳಕೆಯನ್ನು ಅಳೆದರು. ಇಳಿಸಿಕೊಂಡು 30 ದಿನ ಆದ ಮೇಲೂ ಅದನ್ನು ತೆರೆಯುತ್ತಿದ್ದವರು ಸುಮಾರು ಶೇ. 3.3. ಅಂದರೆ ನೂರು ಜನರಲ್ಲಿ ಮೂರೋ ನಾಲ್ಕೋ. ಪ್ರಯೋಗದಲ್ಲಿ ನಾಳೆ ಫೋನ್ ಮಾಡಿ ವಿಚಾರಿಸುತ್ತೇವೆ ಎನ್ನುವವರು ಇರುತ್ತಾರೆ. ಮನೆಯಲ್ಲಿ ಯಾರಿರುತ್ತಾರೆ?

ಅದರಲ್ಲೂ ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಉಮೇದನ್ನು. ದಿನಾ ಬಂದು ಅಭ್ಯಾಸ ಮಾಡಿ ಎಂದು ಆ್ಯಪ್ ಕೇಳುತ್ತಿರುವುದು, ದಿನಾ ಏನನ್ನೂ ಮಾಡಲಾಗದೆ ಒದ್ದಾಡುತ್ತಿರುವವರನ್ನು. ಆಟದ ಆ್ಯಪ್‌ಗಳಿಂದ ಎರವಲು ತಂದ ಉಪಾಯಗಳು ಇಲ್ಲಿ ಉಲ್ಟಾ ಹೊಡೆಯುತ್ತವೆ. ನಿಮ್ಮ ಹನ್ನೆರಡು ದಿನಗಳ ಸರಣಿ ಇವತ್ತು ಮುರಿಯಿತು ಎಂಬ ನೋಟಿಫಿಕೇಶನ್, ಮೊದಲೇ ನನ್ನಿಂದ ಏನೂ ಆಗಲ್ಲ ಎಂದುಕೊಂಡವರಿಗೆ ಇನ್ನೊಂದು ಪೆಟ್ಟು. ಬಿಟ್ಟು ಹೋಗಿ ವಾಪಸ್ ಬಂದವರನ್ನು ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಳ್ಳುವುದು, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರುಮಾಡಲು ಬಿಡುವುದು ವಾಸಿ. ಒಂದು ಅಭ್ಯಾಸ ಐದು ನಿಮಿಷದಲ್ಲಿ ಮುಗಿಯಬೇಕು.

ಇದಕ್ಕಿಂತಲೂ ಗಟ್ಟಿಯಾದ ಉತ್ತರ ಒಬ್ಬ ಮನುಷ್ಯನನ್ನು ಜೊತೆಗೆ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆ ಸ್ಟೆಪ್ ಬೈ ಸ್ಟೆಪ್ ಎಂಬ ಕಾರ್ಯಕ್ರಮವನ್ನು ಲೆಬನಾನ್‌ನಲ್ಲಿ ಪರೀಕ್ಷಿಸಿತು. ಬಳಸಿದವರು ಲೆಬನಾನಿನವರು, ಜೊತೆಗೆ ಯುದ್ಧದಿಂದ ಓಡಿಬಂದ ಸಿರಿಯಾದ ನಿರಾಶ್ರಿತರು. ಐದು ಭಾಗಗಳು. ಉಪದೇಶ ಇಲ್ಲ, ಚಿತ್ರಗಳಿರುವ ಒಂದು ಕಥೆ. ಅದರಲ್ಲಿನ ವ್ಯಕ್ತಿಯೂ ಖಿನ್ನತೆಯಿಂದ ನರಳಿ ಮೇಲೆ ಬರುತ್ತಾನೆ ಅಥವಾ ಬರುತ್ತಾಳೆ. ಪಾತ್ರ ಹೇಗಿರಬೇಕು ಎಂದು ಬಳಸುವವರೇ ಆರಿಸಬಹುದು. ವಾರಕ್ಕೊಮ್ಮೆ ಸುಮಾರು 15 ನಿಮಿಷ ತರಬೇತಿ ಪಡೆದ ಸಹಾಯಕರು ಫೋನಿನಲ್ಲೋ ಮೆಸೇಜಿನಲ್ಲೋ ಮಾತಾಡಿಸುತ್ತಿದ್ದರು. ಆ ಸಹಾಯಕರು ಮನೋವೈದ್ಯರಲ್ಲ. 2022ರಲ್ಲಿ ಫಲಿತಾಂಶ ಬಂತು: ಖಿನ್ನತೆ ಕಡಿಮೆಯಾಗಿತ್ತು. ನಡುವೆ ಬಿಟ್ಟುಹೋದವರು ಅಲ್ಲೂ ಬಹಳ ಜನ. ಆದರೂ ಲೆಕ್ಕ ಹಾಕಿ ನೋಡಿ. ವಾರಕ್ಕೆ 15 ನಿಮಿಷ ಅಂದರೆ ಒಬ್ಬ ಸಹಾಯಕ ಎಷ್ಟೊಂದು ಜನರನ್ನು ನೋಡಿಕೊಳ್ಳಬಹುದು! ಬಳ್ಳಾರಿಯ ಪಾಠ ಇಲ್ಲಿ ಫೋನಿಗೆ ಬಂದಿದೆ.

ತೊಂದರೆ ಸೌಮ್ಯವಾಗಿದ್ದಾಗ ಒಬ್ಬರೇ ಆ್ಯಪ್ ಬಳಸಿದರೂ ಸಾಕಷ್ಟು ಲಾಭ ಸಿಗುತ್ತದೆ. ತೀವ್ರತೆ ಏರಿದಷ್ಟೂ ಮನುಷ್ಯನ ನೆರವಿನ ಬೆಲೆ ಏರುತ್ತದೆ ಎಂಬುದು ಬೇರೆ ಅಧ್ಯಯನಗಳಲ್ಲೂ ಕಂಡುಬಂದಿದೆ.

ಮಾತಾಡುವ ಯಂತ್ರ

1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಝೆನ್‌ಬಾಮ್ ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದು ಬಿಟ್ಟರೆ ಅದಕ್ಕೆ ಏನೂ ಗೊತ್ತಿರಲಿಲ್ಲ. ನನಗೆ ಅಮ್ಮನ ಮೇಲೆ ಸಿಟ್ಟು ಎಂದರೆ, ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ ಎನ್ನುತ್ತಿತ್ತು. ಅವರದೇ ಸೆಕ್ರೆಟರಿ ಅದರ ಜೊತೆ ಮಾತಾಡುತ್ತಾ, ಸ್ವಲ್ಪ ಹೊರಗೆ ಹೋಗಿರುತ್ತೀರಾ ಎಂದು ವೈಝೆನ್‌ಬಾಮ್‌ಗೇ ಹೇಳಿದರಂತೆ. ಯಂತ್ರ ಎಂದು ಗೊತ್ತಿದ್ದೂ ಜನ ಮನಸ್ಸು ಬಿಚ್ಚುತ್ತಾರೆ ಎಂದು ಕಂಡು ಅವರು ಖುಷಿಪಡಲಿಲ್ಲ, ಗಾಬರಿಯಾದರು.

ಇವತ್ತಿನ ಚಾಟ್‌ಬಾಟ್‌ಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಪ್ರತಿಯೊಂದು ಉತ್ತರವನ್ನೂ ಮನುಷ್ಯರೇ ಮೊದಲೇ ಬರೆದಿಟ್ಟಿರುತ್ತಾರೆ. ನೀವು ಹೇಳಿದ್ದು ಯಾವ ಖಾನೆಗೆ ಬರುತ್ತದೆ ಎಂದಷ್ಟೇ ಸಾಫ್ಟ್‌ವೇರ್ ಗುರುತಿಸುತ್ತದೆ. ಸುರಕ್ಷಿತ, ಆದರೆ ಸಪ್ಪೆ. ಎರಡನೆಯದು ಚಾಟ್‌ಜಿಪಿಟಿ ತರಹದ್ದು. ಉತ್ತರವನ್ನು ಅಲ್ಲೇ ಹೆಣೆಯುತ್ತದೆ. ಮಾತು ಸಲೀಸು. ಮುಂದೆ ಏನು ಹೇಳುತ್ತದೆ ಎಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ನೀವು ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನುವ ಚಾಳಿಯೂ ಇದಕ್ಕಿದೆ. ಪಿಜಿಯ ಆ ಹುಡುಗಿ ಕೆಲಸ ಹೋಯ್ತು ಎಂದಾಗ, ನಿಮ್ಮ ಭಯ ಸಹಜವೇ ಎಂದು ಅದರ ಜೊತೆಯೇ ಸಾಗಿಬಿಟ್ಟರೆ? ಸಾಕ್ಷಿ ಏನಿದೆ ಎಂದು ಕೇಳುವುದೇ ಥೆರಪಿಯ ಕೆಲಸ ಆಗಿತ್ತು, ಅಲ್ವಾ?

2023ರಲ್ಲಿ ಅಮೆರಿಕದಲ್ಲಿ ನಡೆದದ್ದು ನೋಡಿ. ಊಟ-ತೂಕದ ವಿಷಯದಲ್ಲಿ ನರಳುವವರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆಯೊಂದು ಟೆಸ್ಸಾ ಎಂಬ ಚಾಟ್‌ಬಾಟ್ ಇಟ್ಟಿತ್ತು. ಅದು ಅಂಥವರಿಗೇ ತೂಕ ಇಳಿಸುವ, ಕ್ಯಾಲೊರಿ ಲೆಕ್ಕ ಇಡುವ ಸಲಹೆ ಕೊಡುತ್ತಿದೆ ಎಂಬ ದೂರು ಬಂತು. ಸಂಸ್ಥೆ ಅದನ್ನು ತೆಗೆದುಹಾಕಿತು. ಬೇರೆಯವರಿಗೆ ನಿರುಪದ್ರವಿಯಾದ ಸಲಹೆ ಇವರಿಗೆ ವಿಷ. 2025ರ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯ, ಲೈಸೆನ್ಸ್ ಇರುವ ತಜ್ಞರಿಲ್ಲದೆ ಎಐ ತಾನೇ ಥೆರಪಿ ಕೊಡುವುದನ್ನು ನಿಷೇಧಿಸಿ ಕಾನೂನು ತಂದಿತು.

ಎಚ್ಚರಿಕೆಯ ಹಾದಿಯೂ ಸುಲಭ ಇಲ್ಲ. ಬರೆದಿಟ್ಟ ಉತ್ತರಗಳನ್ನೇ ನೆಚ್ಚಿದ್ದ ವೋಬಾಟ್ ಈ ಕ್ಷೇತ್ರದ ಹಿರಿಯ ಆ್ಯಪ್‌ಗಳಲ್ಲೊಂದು. ಅದು 2025ರ ಜೂನ್ 30ಕ್ಕೆ ಬಾಗಿಲು ಹಾಕಿತು. ಸರ್ಕಾರಿ ಮಂಜೂರಾತಿ ಪಡೆಯುವ ಖರ್ಚು ಮತ್ತು ಕಷ್ಟ ಒಂದು ಕಾರಣ. ಬೆಂಗಳೂರಿನಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹೋದ ವೈಸಾ, ಅದೇ ಪೆಂಗ್ವಿನ್ ಚಿತ್ರದ ಆ್ಯಪ್, ಈಗಲೂ ನಡೆಯುತ್ತಿದೆ. ಅದರಲ್ಲಿ ಬೇಕಾದವರಿಗೆ ಮನುಷ್ಯ ಕೋಚ್‌ಗಳನ್ನೂ ಇಟ್ಟಿದ್ದಾರೆ.

ಒಂಬತ್ತನೇ ಪ್ರಶ್ನೆ

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸತ್ತರೇ ವಾಸಿ ಎಂಬ ಯೋಚನೆ ಬರುತ್ತದೆಯೇ ಎಂಬುದು. ಆ್ಯಪ್ ಕಟ್ಟುವವರಿಗೆ ನಿಜವಾದ ಪರೀಕ್ಷೆ ಇಲ್ಲಿ. ರಾತ್ರಿ ಎರಡಕ್ಕೆ ಒಬ್ಬರು ಇದಕ್ಕೆ ಹೌದು, ಹೆಚ್ಚುಕಡಿಮೆ ದಿನಾ ಎಂದು ಒತ್ತಿದರು. ಮುಂದೇನು? ಒಟ್ಟು ಅಂಕ ತೋರಿಸಿ, ಮುಗುಳ್ನಗುವ ಎಮೋಜಿ ಹಾಕಿ, ಧನ್ಯವಾದ ಎಂದರೆ ಆ ಆ್ಯಪ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಕೇಳಿದ ಮೇಲೆ ಉತ್ತರಕ್ಕೆ ಹೊಣೆಯಾಗಬೇಕು. ಒಂದೇ ಸಲ ಒತ್ತಿದರೆ ಸಹಾಯವಾಣಿಗೆ ಕರೆ ಹೋಗಬೇಕು. ನಂಬಿಕೆಯ ಒಬ್ಬರಿಗೆ ಮೆಸೇಜ್ ಕಳಿಸುವ ದಾರಿ ಇರಬೇಕು. ಆ ಗುಂಡಿ ಮೆನುವಿನ ನಾಲ್ಕನೇ ಪುಟದಲ್ಲಿ ಅಡಗಿರಬಾರದು, ಪ್ರತಿ ಪರದೆಯಲ್ಲೂ ಕಾಣಬೇಕು. ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡಬೇಕು.

ಪ್ರಶ್ನಾವಳಿಯಲ್ಲಾದರೆ ಉತ್ತರ ನೇರವಾಗಿ ಸಿಗುತ್ತದೆ. ಮಾತಿನಲ್ಲಿ ಹಾಗಲ್ಲ. ಸಾಯುವ ಮಾತು ನಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕೆಲಸ ಮಾಡಿ ಮಾಡಿ ಸತ್ತೆ, ನಕ್ಕೂ ನಕ್ಕೂ ಸತ್ತೆ, ಈ ಟ್ರಾಫಿಕ್ಕಲ್ಲಿ ಪ್ರಾಣ ಹೋಯ್ತು. ಶಬ್ದ ಹಿಡಿದು ಎಚ್ಚರಿಕೆ ಕೊಡುವ ಯಂತ್ರ ಇದಕ್ಕೆಲ್ಲ ಸೈರನ್ ಹೊಡೆಯುತ್ತದೆ. ಆದರೆ ಇನ್ನು ಮೇಲೆ ನಿಮಗ್ಯಾರಿಗೂ ತೊಂದರೆ ಕೊಡಲ್ಲ ಎಂದು ಒಬ್ಬರು ಬರೆದರೆ? ಅದರಲ್ಲಿ ಸಾವು ಎಂಬ ಪದವೇ ಇಲ್ಲ. ಕೇಳಿದ ಮನುಷ್ಯನ ಎದೆ ಮಾತ್ರ ಧಸಕ್ಕನ್ನುತ್ತದೆ. ಅದೂ ಸಾಲದು ಅಂತ ನಮ್ಮವರು ಟೈಪ್ ಮಾಡುವಾಗ ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಇಂಗ್ಲಿಷ್ ಮಾತಿನ ಮೇಲೆ ಕಲಿಸಿದ ಯಂತ್ರವನ್ನು ಕನ್ನಡಕ್ಕೆ ತಿರುಗಿಸಿ ಬಿಟ್ಟರೆ ಇಂಥವು ಕೈತಪ್ಪುತ್ತವೆ. ಕನ್ನಡದಲ್ಲಿ ಆಪ್ತಸಮಾಲೋಚನೆ ಮಾಡುವವರೇ ಕೂತು ಇದನ್ನು ತಿದ್ದಬೇಕು.

ಎಟುಕುವುದು ಅಂದರೆ

ಪ್ಲೇ ಸ್ಟೋರ್‌ನಲ್ಲಿ ಉಚಿತ ಇದ್ದ ಮಾತ್ರಕ್ಕೆ ಆ್ಯಪ್ ಎಲ್ಲರಿಗೂ ಎಟುಕುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಶೇ. 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದವರು ಮೂರರಲ್ಲಿ ಒಬ್ಬರು. ಉಳಿದವರ ಪಾಲಿಗೆ ಫೋನ್ ಅಂದರೆ ಗಂಡನದ್ದೋ ಮಗನದ್ದೋ. ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಆ ಫೋನಿನಲ್ಲಿ ಬರೆದರೆ ಸಂಜೆ ಅದನ್ನು ಓದುವವರು ಯಾರು? ಹಂಚಿಕೊಂಡ ಫೋನಿಗೆ ತಕ್ಕಂತೆ ಆ್ಯಪ್ ಮಾಡುವುದು ಅಂದರೆ ಬೇರೆಯೇ ಪಿನ್ ಇಡುವುದು. ನೋಟಿಫಿಕೇಶನ್‌ನಲ್ಲಿ ಖಿನ್ನತೆ ಎಂಬ ಪದ ಕಾಣದಂತೆ ಮಾಡುವುದು.

ಕನ್ನಡದ ಅಕ್ಷರಗಳದ್ದೂ ಒಂದು ಫಜೀತಿ ಇದೆ. ಬಟನ್, ಪಟ್ಟಿ ಎಲ್ಲವನ್ನೂ ಇಂಗ್ಲಿಷಿನ ಎತ್ತರಕ್ಕೆ ಅಳತೆ ಮಾಡಿರುತ್ತಾರೆ. ಅದರಲ್ಲಿ ಕನ್ನಡ ಸುರಿದರೆ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಸಿಟ್ಟು ಎಂದಿರಬೇಕಾದ ಜಾಗದಲ್ಲಿ ಸಿಟು ಕಾಣುತ್ತದೆ. ಉದ್ದದ ಪದಗಳು ಚುಕ್ಕಿ ಚುಕ್ಕಿಯಾಗಿ ಮುಗಿಯುತ್ತವೆ. ಸಣ್ಣ ವಿಷಯ ಅನ್ನಿಸಬಹುದು. ಮನಸ್ಸು ಸರಿಯಿಲ್ಲದಾಗ ಒಡೆದ ಪದ ಓದಿ ಅರ್ಥ ಮಾಡಿಕೊಳ್ಳುವ ತಾಳ್ಮೆ ಯಾರಿಗಿರುತ್ತದೆ? ಪದಗಳ ಆಯ್ಕೆಯೂ ಹಾಗೇ. ನಿಮ್ಮ ಭಾವನಾತ್ಮಕ ಯೋಗಕ್ಷೇಮವನ್ನು ಮೌಲ್ಯಮಾಪನ ಮಾಡಿ ಎಂಬ ಸಾಲು ಯಾರ ಮನೆಯ ಕನ್ನಡವೋ ಗೊತ್ತಿಲ್ಲ. ಈಚೆಗೆ ಹೇಗಿದ್ದೀರಿ ಎಂದರೆ ಸಾಕಲ್ಲ. ನಮ್ಮಲ್ಲಿ ಬಹಳ ಜನ ಬೇಸರವನ್ನು ಮೈ ಮೂಲಕ ಹೇಳುತ್ತಾರೆ: ತಲೆ ಭಾರ, ಎದೆ ಉರಿ, ಕೈಕಾಲು ಸೋತು ಬರುತ್ತದೆ. ಆ್ಯಪ್ ಇವನ್ನೂ ಕೇಳಬೇಕು.

ಕಣ್ಣು ಕಾಣದವರು ಆಂಡ್ರಾಯ್ಡ್ ಫೋನನ್ನು ಟಾಕ್‌ಬ್ಯಾಕ್ ಎಂಬ ಸೌಲಭ್ಯದಿಂದ ಬಳಸುತ್ತಾರೆ. ಬೆರಳಿಟ್ಟಲ್ಲಿ ಏನಿದೆ ಎಂದು ಅದು ಓದಿ ಹೇಳುತ್ತದೆ. ಮಾಡಿದವರು ಪ್ರತಿ ಚಿತ್ರಕ್ಕೆ, ಪ್ರತಿ ಗುಂಡಿಗೆ ಹೆಸರು ಬರೆದಿಟ್ಟಿದ್ದರೆ ಮಾತ್ರ. ಮೂಡ್ ಆರಿಸಲು ಐದು ಮುಖಗಳ ಚಿತ್ರ ಇಟ್ಟು ಹೆಸರು ಹಾಕದಿದ್ದರೆ ಅವರಿಗೆ ಕೇಳಿಸುವುದು ಬಟನ್, ಬಟನ್, ಬಟನ್, ಬಟನ್, ಬಟನ್. ಓದಲು ಬಾರದವರಿಗೆ ಧ್ವನಿ ಬೇಕು. ಕಿವಿ ಕೇಳದವರಿಗೆ ಅದೇ ಧ್ವನಿಯ ಬರಹ ಬೇಕು. ಅಗ್ಗದ ಫೋನಿನಲ್ಲಿ ಜಾಗ ಇರುವುದಿಲ್ಲ, ಹಳ್ಳಿಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಹಾಗಾಗಿ ಆ್ಯಪ್ ಹಗುರವಾಗಿರಬೇಕು, ಒಮ್ಮೆ ಇಳಿಸಿಕೊಂಡ ಪಾಠ ಆಫ್‌ಲೈನ್‌ನಲ್ಲೂ ತೆರೆಯಬೇಕು. 2025ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಆ್ಯಪನ್ನು ಪರಿಷ್ಕರಿಸಿದಾಗ ಸೇರಿಸಿದ್ದರಲ್ಲಿ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳು, ಅಂಗವಿಕಲರಿಗೆ ಅನುಕೂಲಗಳು, ಒಂದು ಚಾಟ್‌ಬಾಟ್ ಮತ್ತು ತುರ್ತು ನೆರವಿನ ವ್ಯವಸ್ಥೆ ಇದ್ದವು.

ಹೇಳಿಕೊಂಡದ್ದು ಎಲ್ಲಿಗೆ ಹೋಗುತ್ತದೆ?

ಫಿನ್ಲೆಂಡಿನಲ್ಲಿ ವಸ್ತಾಮೊ ಎಂಬ ಖಾಸಗಿ ಸೈಕೋಥೆರಪಿ ಕೇಂದ್ರಗಳ ಸರಪಳಿ ಇತ್ತು. 2020ರಲ್ಲಿ ಅದರ ಕಡತಗಳು ಕಳ್ಳರ ಕೈ ಸೇರಿದ್ದು ಬಯಲಾಯಿತು. ರೋಗಿಗಳು ಸಾವಿರಾರು ಜನ. ಥೆರಪಿಸ್ಟ್ ಮುಂದೆ ಅತ್ತು ಹೇಳಿಕೊಂಡದ್ದೆಲ್ಲ ಅದರಲ್ಲಿತ್ತು. ಹಣ ಕೊಡಿ, ಇಲ್ಲದಿದ್ದರೆ ಎಲ್ಲವನ್ನೂ ಇಂಟರ್ನೆಟ್‌ಗೆ ಹಾಕಿಬಿಡುತ್ತೇವೆ ಎಂಬ ಬೆದರಿಕೆ ರೋಗಿಗಳಿಗೇ ನೇರವಾಗಿ ಬಂತು. ಕಾರ್ಡ್ ನಂಬರ್ ಕದ್ದರೆ ಕಾರ್ಡ್ ಬದಲಿಸಬಹುದು. ಇದನ್ನು ಹೇಗೆ ಬದಲಿಸುವುದು?

ಕದಿಯುವವರೇ ಬರಬೇಕಿಲ್ಲ, ಕಂಪನಿಗಳೇ ಹಂಚುವುದೂ ಉಂಟು. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಥೆರಪಿ ಸೇವೆ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಕೊಟ್ಟಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಕೊನೆಗೆ 78 ಲಕ್ಷ ಡಾಲರ್ ಕೊಡಲು ಕಂಪನಿ ಒಪ್ಪಿತು, ತಪ್ಪನ್ನೇನೂ ಒಪ್ಪಲಿಲ್ಲ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ರೋಗಿಯ ವಿಷಯ ಗುಟ್ಟಾಗಿರುವುದು ಅವರ ಹಕ್ಕು ಎನ್ನುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಕೊಟ್ಟು. ಈ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಉದ್ದೇಶ ಒಳ್ಳೆಯದೇ. ಆದರೆ ತಂದೆತಾಯಿಗೆ ಹೇಳಲಾಗದ್ದನ್ನು ಹೇಳಲೆಂದೇ ಆ್ಯಪ್ ತೆರೆಯುವ ಹದಿನಾರರ ಹುಡುಗನಿಗೆ ಇದು ಗೋಡೆಯೂ ಆಗಬಹುದು. ಇಲ್ಲಿ ಸುಲಭದ ಉತ್ತರ ಇಲ್ಲ.

ಕಟ್ಟುವವರಿಗೆ ಒಂದು ಸರಳ ನಿಯಮ ಮಾತ್ರ ಇದೆ. ಬೇಡದ್ದನ್ನು ಕೇಳಬೇಡಿ. ಉಸಿರಾಟ ಕಲಿಸಲು ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ನಿಜ ಹೆಸರು ಯಾಕೆ ಬೇಕು? ಬರೆದದ್ದು ಫೋನಿನಲ್ಲೇ ಉಳಿಯಬಹುದಾದರೆ ಸರ್ವರ್‌ಗೆ ಯಾಕೆ ಕಳಿಸಬೇಕು?

ಇಳಿಸಿಕೊಳ್ಳುವ ಮೊದಲು

ಪ್ಲೇ ಸ್ಟೋರ್ ನಕ್ಷತ್ರಗಳು ಚಿಕಿತ್ಸೆಯ ಗುಣಮಟ್ಟ ಹೇಳುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಒಂದು ಸರ್ಕಾರಿ ಪಟ್ಟಿ ಇದೆ. ಪುರಾವೆ ತೋರಿಸಿ ಅದರಲ್ಲಿ ಜಾಗ ಪಡೆದ ಆ್ಯಪನ್ನು ಡಾಕ್ಟರ್ ಮಾತ್ರೆಯಂತೆ ಚೀಟಿಯಲ್ಲಿ ಬರೆದುಕೊಡಬಹುದು, ಖರ್ಚು ವಿಮೆಯದ್ದು. ನಾವು ಸದ್ಯಕ್ಕೆ ನಾವೇ ನೋಡಿಕೊಳ್ಳಬೇಕು. ಹಿಂದೆ ಯಾರಿದ್ದಾರೆ, ಅವರಲ್ಲಿ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಇದ್ದಾರೆಯೇ? ತುರ್ತು ಸಹಾಯದ ಗುಂಡಿ ಎಲ್ಲಿದೆ, ಅದು ಭಾರತದ ನಂಬರಿಗೆ ಹೋಗುತ್ತದೆಯೇ, ಇಲ್ಲ ಅಮೆರಿಕದ್ದಕ್ಕೋ? ಖಾತೆ ಅಳಿಸಿದರೆ ಬರೆದದ್ದೆಲ್ಲ ಅಳಿಯುತ್ತದೆಯೇ? 21 ದಿನದಲ್ಲಿ ಖಿನ್ನತೆ ಮಾಯ ಎಂಬಂಥ ಮಾತಿದ್ದರೆ ಅಲ್ಲೇ ಬಿಡಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಯಾವ ಆ್ಯಪ್ ಹೇಳಿತೆಂದೂ ನಿಲ್ಲಿಸಬೇಡಿ. ಎರಡು ವಾರ ಬಳಸಿಯೂ ಹಾಗೇ ಇದ್ದರೆ, ಅಥವಾ ಜಾಸ್ತಿಯಾಗುತ್ತಿದ್ದರೆ, ಮನುಷ್ಯರನ್ನು ಕಾಣುವ ಹೊತ್ತು ಬಂದಿದೆ.

ಟೆಲಿ ಮಾನಸ್‌ನ 14416ಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಕೀಪ್ಯಾಡ್ ಫೋನಿನಿಂದಲೂ ಹೋಗುತ್ತದೆ, ಡೇಟಾ ಬೇಡ, ದುಡ್ಡು ಬೇಡ, ಹಗಲು ರಾತ್ರಿ ತೆರೆದಿರುತ್ತದೆ. ಅದು ಸಿಗದಿದ್ದರೆ 1800-891-4416. ಭಾಷೆ ಕೇಳಿದಾಗ ಕನ್ನಡ ಆರಿಸಿಕೊಳ್ಳಿ. ನಿಮಗಾಗಿಯೇ ಮಾಡಬೇಕೆಂದಿಲ್ಲ, ಮನೆಯಲ್ಲಿ ಒಬ್ಬರ ಬಗ್ಗೆ ಚಿಂತೆಯಾಗಿದ್ದರೂ ಮಾಡಬಹುದು. ಈ ಕ್ಷಣವೇ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ 112.